ಟೈಲರ್ ಕುಂತಷ್ಟು ಜಾಗ

ನಗು ಬರುವಂಥ ಪ್ರಸಂಗಗಳು ನಗುವ ಹೊತ್ತು ನೋಡಿಕೊಂಡು ಬರುವುದಿಲ್ಲ. ನನ್ನ ಅನುಭವದಲ್ಲಿ ಅವು ಮನೆ ಬೀಳುವ ದಿನವೇ ಬರುತ್ತವೆ, ಅದೂ ಕರೆಯದೆ. ನನ್ನ ಕಸುಬು ಹಳೇ ಮನೆ ಬಿಚ್ಚುವುದು. ಜೆಸಿಬಿ ಕೆಡವುತ್ತದೆ, ನಾವು ಬಿಚ್ಚುತ್ತೇವೆ, ಎರಡಕ್ಕೂ ಬಹಳ ವ್ಯತ್ಯಾಸ ಇದೆ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕಂಬ, ತೊಲೆ, ಬಾಗಿಲು, ಕಿಟಕಿಗಳನ್ನು ಮುರಿಯದ ಹಾಗೆ ಇಳಿಸಿ, ಲಗೇಜ್ ಆಟೋದಲ್ಲಿ ಹೇರಿಕೊಂಡು ಶೆಡ್ಡಿಗೆ ತಂದು, ಬೇಕಾದವರಿಗೆ ಮಾರುತ್ತೇನೆ. ಮನೆ ಕಳೆದುಕೊಂಡವರಿಗೆ ಮಾತ್ರ ಆ ವ್ಯತ್ಯಾಸ ಇನ್ನೂ ಗೊತ್ತಾಗಿಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ನಾನು ಸುತ್ತದ ಊರಿಲ್ಲ. ನನ್ನ ಬೈಕು ಯಾರ ಮನೆ ಮುಂದೆ ನಿಂತರೂ ಒಳಗಿನವರ ಎದೆ ಧಸಕ್ಕೆನ್ನುತ್ತದೆ. ನೀರು ಕೇಳಿದರೂ "ನಾವು ಮಾರೋದಿಲ್ಲ ಹೋಗ್ರಿ" ಅನ್ನುತ್ತಾರೆ. ಒಬ್ಬ ಅಜ್ಜಿ ನಾನು ಹೊರಟ ಮೇಲೆ ಹೊಸ್ತಿಲಿಗೆ ದೃಷ್ಟಿ ತೆಗೆದದ್ದನ್ನು ಬೈಕಿನ ಕನ್ನಡಿಯಲ್ಲಿ ನೋಡಿದ್ದೇನೆ.

ನನ್ನದು ಯಾವ ಊರು ಅಂತ ಕೇಳಬೇಡಿ. ಈ ನಾಲ್ಕು ತಾಲ್ಲೂಕಿನ ನಡುವೆ ಎಲ್ಲೋ ಇದೆ. ಹೆಸರು ಬರೆದರೆ ನಾಳೆ ಅಲ್ಲಿ ನನಗೆ ಒಂದು ಕಿಟಕಿಯೂ ಸಿಗುವುದಿಲ್ಲ.

ಹೆಣ್ಣು ನೋಡಿದ್ದು

ಅಕ್ಕನ ಮಗನಿಗೆ ಹೆಣ್ಣು ನೋಡಲು ಹೊನ್ನಾಳಿಗೆ ಹೋಗಿದ್ದೆವು. ಸೋದರಮಾವ ಅಂದಮೇಲೆ ಮುಂದಿನ ಕುರ್ಚಿ ನನಗೇ. ಹೊಸ ಅಂಗಿ ಹೊಲಿಸಿಕೊಂಡಿದ್ದೆ. ಹೊಲಿದವನು ನನ್ನ ಜೊತೆ ಕನ್ನಡ ಶಾಲೆಗೆ ಬರುತ್ತಿದ್ದ ಗೆಳೆಯ, ನಮ್ಮ ಬೀದಿಯ ಟೈಲರ್. ಇವನನ್ನು ನೆನಪಿಟ್ಟುಕೊಳ್ಳಿ. ಇನ್ನು ಮುಂದೆ ಹೇಳುವುದೆಲ್ಲ ಕೊನೆಗೆ ಅವನ ಬುಡಕ್ಕೇ ಬರುತ್ತದೆ.

ಹುಡುಗಿಯ ಮನೆ ಹಳೇ ಕಾಲದ್ದು. ಹುಡುಗಿ ಉಪ್ಪಿಟ್ಟಿನ ತಟ್ಟೆಗಳನ್ನು ಕೊಟ್ಟು, ಅಡುಗೆಮನೆ ಬಾಗಿಲಲ್ಲಿ ಚೌಕಟ್ಟಿಗೆ ಒರಗಿ ನಿಂತಳು. ಎಲ್ಲರೂ ಹುಡುಗಿಯನ್ನು ನೋಡಿದರು. ನನ್ನ ಕಣ್ಣು ಚೌಕಟ್ಟಿನ ಮೇಲೆ ಬಿತ್ತು. ಒಂದೇ ಮರದ ಸಾಗುವಾನಿ, ಮೇಲೆ ಬಳ್ಳಿ ಕೆತ್ತನೆ. ಅಂಥದ್ದನ್ನು ನೋಡಿ ವರ್ಷಗಳೇ ಆಗಿದ್ದವು.

ಹುಡುಗಿಯ ಅಪ್ಪ ನನ್ನ ಕಡೆ ಬಾಗಿ, "ಹೆಂಗೈತ್ರಿ ಮತ್ತೆ?" ಅಂದರು.

"ಒಳ್ಳೇ ಜಾತೀದು ಬಿಡ್ರಿ" ಅಂದೆ. "ಹಳೇ ಬೆಳವಣಿಗಿ, ಗಟ್ಟಿ ಐತೆ. ಬುಡದಾಗೆ ಒಂಚೂರು ಗೆದ್ಲು ಹತ್ತೈತೆ. ಕೆತ್ತಿ ಎಣ್ಣಿ ಹಚ್ಚಿದ್ರೆ ಸರಿಹೋಗ್ತೈತೆ."

ಅಕ್ಕ ನನ್ನ ಕಾಲು ತುಳಿದಳು. ಆಮೇಲೆ ಚೌಕಟ್ಟಿನ ಹಿಂದಿನಿಂದ ಕಿಸಕ್ಕೆಂದು ನಗು ಕೇಳಿತು, ನಗು ನಿಲ್ಲಲೇ ಇಲ್ಲ. ಆ ನಗುವಿನಿಂದಲೇ ಸಂಬಂಧ ಕೂಡಿಬಂತು. ಆ ಮನೆ ಮಾತ್ರ ಹೆಚ್ಚು ದಿನ ಉಳಿಯಲಿಲ್ಲ. ಅವರೂ ಆರ್‌ಸಿಸಿ ಹಾಕಿಸಿದರು, ಚೌಕಟ್ಟು ನನ್ನ ಶೆಡ್ಡಿಗೇ ಬಂತು. ಆ ಹುಡುಗಿ ಈಗ ಅಕ್ಕನ ಮನೆ ಸೊಸೆ. ಶೆಡ್ಡಿಗೆ ಬಂದಾಗೆಲ್ಲ ಆ ಚೌಕಟ್ಟಿನ ಪಕ್ಕ ನಿಂತು, "ಮಾವ, ಇಬ್ಬರಾಗೆ ಯಾರಿಗೆ ಎಣ್ಣಿ ಹಚ್ಚಬೇಕು?" ಅಂತ ಕೇಳುತ್ತಾಳೆ.

ರಸ್ತೆಯ ನಡು

ನಮ್ಮೂರ ಹಳೇಪೇಟೆ ಬೀದಿಯಲ್ಲಿ ಎರಡೂ ಸಾಲಿಗೆ ಮಾಳಿಗೆ ಮನೆಗಳು, ಒಂದೊಂದು ಮನೆಯ ಮುಂದೆಯೂ ಕಲ್ಲಿನ ಕಟ್ಟೆ. ಕಟ್ಟೆ ಕಟ್ಟಿಸುವುದು ಮನೆಯವರು, ಕೂರುವುದು ಊರವರು. ಸಂತೆಗೆ ಬಂದವರು ಗಂಟು ಇಳಿಸಿ ಅಲ್ಲೇ ಮಂಡಕ್ಕಿ ತಿನ್ನುತ್ತಿದ್ದರು, ಬಸ್ಸು ತಪ್ಪಿದವರು ಅಲ್ಲೇ ಒರಗುತ್ತಿದ್ದರು. ಕಟ್ಟೆ ಮೇಲೆ ಕೂತವರನ್ನು ಎಬ್ಬಿಸಿದರೆ ಮನೆಗೆ ಒಳ್ಳೆಯದಲ್ಲ ಅಂತ ನಮ್ಮ ಹಿರಿಯರು ನಂಬಿದ್ದರು.

ಟೈಲರ್ ಕೂರುತ್ತಿದ್ದದ್ದು ಮೂಡಣ ಸಾಲಿನ ಸಾವ್ಕಾರ್ರ ಮನೆ ಕಟ್ಟೆ ಮೇಲೆ. ಹಿಂದೆ ಅಡಿಕೆ ಮಂಡಿ ನಡೆಸಿದ ಮನೆತನ ಅವರದು. ಟೈಲರನ ಅಪ್ಪನೂ ಅಲ್ಲೇ ಮಷಿನ್ ತುಳಿದವನು. ಬಾಡಿಗೆ ಇಲ್ಲ, ಕರಾರು ಇಲ್ಲ. ಆ ಮನೆ ಮಕ್ಕಳ ಶಾಲೆ ಬಟ್ಟೆ ಹೊಲಿದುಕೊಟ್ಟರೆ ಆಯಿತು. ಅವನಿಗೆ ಅಂಗಡಿ ಅಂತ ಇಲ್ಲ, ಬಾಗಿಲಿಲ್ಲ, ಬೋರ್ಡಿಲ್ಲ. ಆ ಕಟ್ಟೆ ಹೋದರೆ ಅವನ ಅನ್ನ ಹೋದ ಹಾಗೆ.

ಬೀದಿ ಅಗಲ ಮಾಡುತ್ತಾರೆ ಅನ್ನುವ ಮಾತು ನಾವು ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ ಇತ್ತು. ಚುನಾವಣೆ ಬಂದಾಗ ಏಳುತ್ತಿತ್ತು, ಮುಗಿದ ಮೇಲೆ ಮಲಗುತ್ತಿತ್ತು. ಈ ಸಲ ಮಾತ್ರ ಪುರಸಭೆಯವರು ಟೇಪು ಹಿಡಿದುಕೊಂಡೇ ಬಂದರು. ರಸ್ತೆಯ ನಡುವಿನಿಂದ ಎರಡೂ ಕಡೆಗೆ ಸಮನಾಗಿ ಅಳೆಯಬೇಕಂತೆ. ಸರಿ, ನಡು ಎಲ್ಲಿ?

ಮೂಡಣ ಸಾಲಿನವರು ಪಡುವಣ ಸಾಲಿನ ಚರಂಡಿ ತೋರಿಸಿ, "ಅಲ್ಲೈತೆ ನೋಡ್ರಿ ನಡು. ನಮ್ಮಪ್ಪನ ಕಾಲದಾಗೆ ಗಾಡಿ ಜಾಡು ಅಲ್ಲೇ ಇತ್ತು" ಅಂದರು. ಪಡುವಣದವರು ಟೈಲರನ ಮಷಿನ್ ಕಡೆಗೇ ಕೈ ಮಾಡಿ, "ನಡು ಅಂದ್ರೆ ಅದು. ಅವ್ರು ಕಟ್ಟಿ ಮುಂದಕ್ಕೆ ತಂದಾರೆ" ಅಂದರು. ಮಧ್ಯಾಹ್ನದ ಹೊತ್ತಿಗೆ ಆ ನಡು ಬೀದಿಯ ಈ ಬದಿಯಿಂದ ಆ ಬದಿಗೆ ಹಲವು ಸಲ ಓಡಾಡಿತು. ಇಂಜಿನಿಯರು ಬೆವರು ಒರೆಸಿಕೊಂಡು, "ನಡುವೇ ಇಲ್ಲದ ರಸ್ತೆ ನಾನು ಇದೇ ಮೊದಲು ನೋಡ್ತಿರೋದು" ಅಂದರು.

ಆಗ ಮೂಲೆ ಮನೆ ಅಜ್ಜಿ, "ನಾಯಿ ನೋಡ್ಕಳ್ರಿ ಸ್ವಾಮಿ" ಅಂದಳು. "ಈ ಸಾಲಿನವ್ರೂ ಕಲ್ಲು ಬೀರ್ತಾರೆ, ಆ ಸಾಲಿನವ್ರೂ ಬೀರ್ತಾರೆ. ಅದಕ್ಕೆ ಯಾರ ಕೈಗೂ ಸಿಗದಂಗೆ ಸರೀ ನಡುವೆ ಮಲಗ್ತೈತೆ."

ನಾಯಿ ನಿಜವಾಗಿಯೂ ಅಲ್ಲೇ ಮಲಗಿತ್ತು. ಅದು ಯಾರ ಕಡೆಯದೂ ಅಲ್ಲ ಅನ್ನುವುದರಲ್ಲಿ ಮಾತ್ರ ಎರಡೂ ಸಾಲಿಗೆ ಒಮ್ಮತ ಇತ್ತು. ಇಂಜಿನಿಯರಿಗೂ ಊಟದ ಹೊತ್ತು ಮೀರಿತ್ತು. ನಾಯಿ ಸುತ್ತ ಸುಣ್ಣದ ಪುಡಿ ಹಾಕಿ, ಅಲ್ಲಿಂದಲೇ ಟೇಪು ಎಳೆದರು. ಟೇಪು ಬಂದು ಬಂದು ಕಟ್ಟೆ ದಾಟಿ, ಟೈಲರನ ಬೆನ್ನ ಹಿಂದಿನ ಗೋಡೆಯನ್ನೂ ದಾಟಿ ನಿಂತಿತು.

ಟೈಲರ್ ಮಷಿನ್ ನಿಲ್ಲಿಸಿ, ಕನ್ನಡಕದ ಮೇಲಿಂದ ನಾಯಿಯನ್ನು ನೋಡಿದ. "ಲೇ, ಅದು ಸರೀ ನಡುವೆ ಮಲಗಿಲ್ಲ ಕಣೋ" ಅಂದ ನನಗೆ ಮಾತ್ರ ಕೇಳುವ ಹಾಗೆ. "ದಿನಾ ನಾನು ರೊಟ್ಟಿ ಹಾಕ್ತೀನಲ್ಲ, ಅದಕ್ಕೆ ಒಂಚೂರು ನನ್ನ ಕಡೆ ಸರಕಂಡು ಮಲಗೈತೆ."

ಯಾವ ದೇವರು

ಅಳತೆ ಮುಗಿದ ಮೇಲೆ ಮನೆ ಮನೆಗೂ ಕೆಂಪು ಬಣ್ಣದ ಗೀಟು ಬಿತ್ತು. ಗೀಟಿನ ಈಚೆಯದೆಲ್ಲ ರಸ್ತೆ, ಆಚೆಯದು ಮನೆ. ಸಾವ್ಕಾರ್ರ ಮನೆಯಲ್ಲಿ ಕಟ್ಟೆ, ಹೆಬ್ಬಾಗಿಲು, ಕೆತ್ತನೆ ಕಂಬದ ಪಡಸಾಲೆ ಎಲ್ಲವೂ ಈಚೆಗೆ ಬಂದವು. ಆಚೆ ಉಳಿದದ್ದು ಅಡುಗೆಮನೆ ಮತ್ತು ಬಚ್ಚಲು. "ಇನ್ಮ್ಯಾಲೆ ಬೀಗರು ಬಂದ್ರೆ ರಸ್ತಿಯಿಂದ ನೇರ ಬಚ್ಚಲಕ್ಕೇ ಕರ್ಕಬೇಕು" ಅಂದರು ಸಾವ್ಕಾರ್ರು. ಅವರು ನಗಿಸಲು ಹೇಳಿದ್ದಲ್ಲ.

ಅವರ ತಾಯಿಗೆ ಆ ಗೀಟು ಕಣ್ಣಿಗೆ ಚುಚ್ಚುತ್ತಿತ್ತು. ಗೋಡೆಗೆ ಕೆಂಪು ಬಿದ್ದ ಮೇಲೆ ಬರಿದು ಬಿಡಬಾರದು ಅಂತ ಒಂದು ಸೋಮವಾರ ಅದರ ಮೇಲೆ ವಿಭೂತಿ ಎಳೆದು, ಅರಿಶಿನ ಕುಂಕುಮ ಇಟ್ಟು, ಒಂದು ಹೂ ಸಿಕ್ಕಿಸಿದರು. ಮರುದಿನ ಪಕ್ಕದ ಮನೆಯಲ್ಲೂ ಹೂ ಕಂಡಿತು. ಮುಂದಿನ ಸೋಮವಾರದ ಹೊತ್ತಿಗೆ ಎರಡೂ ಸಾಲಿನ ಗೀಟುಗಳಿಗೆ ಊದಿನಕಡ್ಡಿ ಹೊಗೆ ಏಳುತ್ತಿತ್ತು. ಪೂಜೆ ತಪ್ಪಿಸದ ಮನೆಗೆ ಗೀಟು ರಸ್ತೆ ಕಡೆಗೆ ಸರಿಯುತ್ತದೆ ಅಂತ ಯಾರು ಹಬ್ಬಿಸಿದರೋ ಗೊತ್ತಿಲ್ಲ. ಯಾವ ದೇವರ ಮುಂದೆಯೂ ಕಣ್ಣು ಮುಚ್ಚದ ಟೈಲರ್ ಕೂಡ ಬೆಳಿಗ್ಗೆ ಮಷಿನ್ನಿಗೆ ಎಣ್ಣೆ ಬಿಡುವ ಮೊದಲು ಹಿಂದಕ್ಕೆ ತಿರುಗಿ ಒಳಗಿನ ಗೀಟಿಗೆ ಕೈ ಮುಗಿಯುವುದನ್ನು ನಾನು ಕಂಡೆ.

ಕುಂಕುಮದಲ್ಲಿ ಬಣ್ಣವೇ ಮುಚ್ಚಿಹೋಯಿತು ಅಂತ ಆಫೀಸಿನಿಂದ ಒಬ್ಬ ಬಣ್ಣದ ಡಬ್ಬಿ ಹಿಡಿದು ಮತ್ತೆ ಗೀಟು ಎಳೆಯಲು ಬಂದ. ಸಾವ್ಕಾರ್ರ ತಾಯಿ, "ಚಪ್ಲಿ ಬಿಟ್ಟು ಬರ್ರಿ" ಅಂದರು. ಅವನು ಬಿಟ್ಟ. ಹೂವು ನಲುಗದ ಹಾಗೆ ಎತ್ತಿಟ್ಟು, ಗೀಟು ಎಳೆದು, ಹೂವು ಮತ್ತೆ ಇಟ್ಟು, ಅವರು ಕೊಟ್ಟ ಸಕ್ಕರೆಯನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡ.

"ಇದು ಯಾವ ದೇವ್ರಮ್ಮ?" ಅಂತ ಕೇಳಿದ.

"ರಸ್ತಿ ದೇವ್ರಪ್ಪ" ಅಂದರು ತಾಯಿ. "ಹಣ್ಣು ಕಾಯಿ ಒಲ್ಲದು, ಮನೀನೇ ತಿಂತೈತೆ."

ಒಂದು ಪದದ ಅರ್ಥ

ನಮ್ಮೂರಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರಿದ್ದಾರೆ. ಬೀದಿ ಉಳಿಯದಿದ್ದರೂ ಸಾವ್ಕಾರ್ರ ಮನೆಯಾದರೂ ಉಳಿಯಲಿ ಅಂತ ದಾವಣಗೆರೆಗೆ, ಇನ್ನೂ ದೂರದ ಆಫೀಸುಗಳಿಗೆ ಬಸ್ಸಿನಲ್ಲಿ ಅಲೆದರು. ಕೊನೆಗೆ, ವಿಚಾರಣೆ ಮುಗಿಯುವ ತನಕ ಆ ಮನೆ ಮುಟ್ಟಬಾರದು ಅಂತ ಹೇಳಿಸಿಕೊಂಡು ಬಂದರು. ಖುಷಿಯಲ್ಲಿ ತಮ್ಮ ದುಡ್ಡಿನಲ್ಲೇ ಬೋರ್ಡು ಬರೆಸಿ ಕಂಬಕ್ಕೆ ಮೊಳೆ ಹೊಡೆಸಿದರು: "ಇದು ಪಾರಂಪರಿಕ ಮನೆ. ಉಳಿಸಿ."

ಅವತ್ತು ಟೈಲರ್ ನನಗೆ ಚಹಾ ಕುಡಿಸಿದ. ಬಿಸಿಲಿಗೆ ಅಕ್ಷರ ಮಾಸಬಾರದು ಅಂತ ಬೋರ್ಡಿಗೆ ಒಂದು ಬಟ್ಟೆಯ ಮರೆ ಹೊಲಿದು ಕಟ್ಟಿದ. ದಾರಿಯಲ್ಲಿ ಹೋಗುವವರಿಗೆ ಬೋರ್ಡು ಕಾಣಲಿ ಅಂತ ಆ ಮರೆಯನ್ನು ದಿನಾ ಬೆಳಿಗ್ಗೆ ಎತ್ತಿ ಕಟ್ಟುತ್ತಿದ್ದ, ಬಿಸಿಲೇರಿದ ಮೇಲೆ ಇಳಿಬಿಡುತ್ತಿದ್ದ.

ಬೋರ್ಡಿನ ಫೋಟೋ ವಾಟ್ಸಾಪಿನಲ್ಲಿ ಹೊರಟು ಜಗಳೂರು ದಾಟಿ ಸೊಕ್ಕೆ ಮುಟ್ಟಿತು. ಸೊಕ್ಕೆಯಲ್ಲಿ ಸಾವ್ಕಾರ್ರ ದಾಯಾದಿಗಳಿದ್ದರು. ಅಜ್ಜಂದಿರ ಕಾಲದಲ್ಲಿ ಹೊಲ ತೆಗೆದುಕೊಂಡು, ಮನೆ ಬಿಟ್ಟುಕೊಟ್ಟು ಹೋದವರು. ಮದುವೆ ಮುಂಜಿಗೂ ಬಾರದವರು ಮುಂದಿನ ಭಾನುವಾರ ಒಂದು ಟೆಂಪೋ ತುಂಬ ಬಂದಿಳಿದರು.

"ಬೋರ್ಡು ನೋಡಿದ್ವಿ" ಅಂದರು ಅವರ ಹಿರಿಯರು, ಕಟ್ಟೆ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತ. "ಬಾಳ ಸಂತೋಷ ಆತು ಸಾವ್ಕಾರ್ರೆ. ನಿಮ್ಮ ಬಾಯಾಗೆ ಬರದಿದ್ರೂ ಬೋರ್ಡಿನಾಗೆ ಬಂತಲ್ಲ."

"ಏನು ಬಂತು?"

"ಪಾರಂಪರಿಕ ಅಂತ. ವಂಶಪಾರಂಪರಿಕ ಅಂದ ಮ್ಯಾಲೆ ನಮ್ಮ ವಂಶನೂ ಅದೇ ಅಲ್ಲೇನ್ರಿ? ನಮ್ಮ ಪಾಲು ಎಲ್ಲಿಂದ ಎಲ್ಲಿಗೆ ಬರ್ತೈತೆ, ತೋರಿಸಿದ್ರೆ ನೋಡ್ಕಂಡು ಹೋಗ್ತೀವಿ."

ಟೈಲರ್ ಓಡಿಹೋಗಿ ಮೇಷ್ಟ್ರನ್ನು ಕರೆತಂದ. ಮೇಷ್ಟ್ರು ಕೈ ಮುಗಿದು, ತರಗತಿಯಲ್ಲಿ ಹೇಳುವ ಹಾಗೆ ನಿಧಾನವಾಗಿ ಹೇಳಿದರು. "ತಪ್ಪು ತಿಳ್ಕಂಡೀರಿ. ಪಾರಂಪರಿಕ ಅಂದ್ರೆ ಒಂದು ವಂಶಕ್ಕೆ ಸೇರಿದ್ದು ಅಂತಲ್ಲ. ಇಡೀ ಊರಿಗೆ ಸೇರಿದ್ದು ಅಂತ."

"ಇಡೀ ಊರಿಗಾ?" ಅಂದರು ಸಾವ್ಕಾರ್ರು.

ಮೇಷ್ಟ್ರ ಅಷ್ಟೂ ದಿನದ ಓಡಾಟ ಆ ಒಂದು ಮಾತಿನಲ್ಲಿ ಮುಗಿಯಿತು. ಸಾವ್ಕಾರ್ರು ಟೈಲರನ ಸ್ಟೂಲನ್ನೇ ಎಳೆದು ಹತ್ತಿ, ಬೋರ್ಡನ್ನು ತಮ್ಮ ಕೈಯಾರೆ ಕಿತ್ತರು. ಮರುದಿನ ಆಫೀಸಿಗೆ ಹೋಗಿ, "ನಮ್ಮನೀನೇ ಮೊದಲು ಕೆಡವ್ರಿ. ಉಳಿದ್ರೆ ಪಾಲಾಗ್ತೈತೆ" ಅಂದರು. ಟೈಲರ್ ಬಟ್ಟೆಯ ಮರೆಯನ್ನು ಬಿಚ್ಚಿ, ಮಡಿಸಿ, ಮಷಿನ್ನಿನ ಡ್ರಾಯರಿಗೆ ಹಾಕಿಕೊಂಡ.

ಸೊಕ್ಕೆಯವರು ಮಾತ್ರ ಕಂಗಾಲಾಗಲಿಲ್ಲ. ಟೆಂಪೋ ಹತ್ತುವ ಮುಂಚೆಯೇ ಅವರ ಹಿರಿಯರು ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಕೇಳಿದ್ದರು: "ಅಕಸ್ಮಾತ್ ಮನಿ ಕೆಡವಿದ್ರೆ ಪರಿಹಾರ ಅಂತ ಕೊಡ್ತಾರಲ್ರಿ, ಅದು ಪಾರಂಪರಿಕನೋ, ಅಲ್ವೋ?"

ಮೀಟರು

ಬಿಚ್ಚುವ ಕೆಲಸ ನನಗೇ ಬಂತು. ನಾನು ಒಲ್ಲೆ ಅಂದರೆ ಜೆಸಿಬಿ ಕಂಬಗಳನ್ನು ಕಡ್ಡಿ ಮುರಿದ ಹಾಗೆ ಮುರಿಯುತ್ತಿತ್ತು. ಹೀಗೆ ಹೇಳಿಕೊಂಡೇ ನಾನು ಎಲ್ಲ ಮನೆಗಳನ್ನೂ ಬಿಚ್ಚಿರುವುದು.

ಕಂಬ, ಬಾಗಿಲು, ಕಟ್ಟೆಯ ಚಪ್ಪಡಿ ಕಲ್ಲುಗಳನ್ನು ಇಳಿಸಿ ಮುಗಿಸಿದ ಮೇಲೆ, ಉಳಿದ ಗೋಡೆಗೆ ಜೆಸಿಬಿ ಬಂತು. ಸಾವ್ಕಾರ್ರ ತಾಯಿ ಆವತ್ತೂ ಗೀಟಿಗೆ ಹೂವಿಟ್ಟಿದ್ದರು. ಡ್ರೈವರ್ ಇಳಿದು, ಚಪ್ಪಲಿ ಬಿಟ್ಟು, ಗೋಡೆಗೆ ಕೈ ಮುಗಿದು, "ಪೂಜಿ ಆಗ್ಲಿ ಅಮ್ಮಾರೆ, ನಾನು ಕಾಯ್ತೀನಿ" ಅಂದ. ಮಂಗಳಾರತಿ ಮುಗಿಯುವ ತನಕ ನಿಜವಾಗಿಯೂ ಕಾದ. ಆಮೇಲೆ ಗೋಡೆ ಒಂದೇ ಏಟಿಗೆ ಕೂತಿತು.

ಟೈಲರ್ ಮಷಿನ್ನನ್ನು ಎದುರು ಮೆಡಿಕಲ್ ಶಾಪಿನ ಪಕ್ಕ ಇಟ್ಟುಕೊಂಡು ನಿಂತಿದ್ದ. ಸೊಂಟದ ಅಳತೆ ಕೊಟ್ಟು ಹೋದವರ ಬಟ್ಟೆಗಳೆಲ್ಲ ಗಂಟಿನಲ್ಲಿದ್ದವು. ಪರಿಹಾರ ಕೊಡುವ ಕಡೆ ಒಮ್ಮೆ ಕೇಳಿ ಬರೋಣ ಬಾ ಅಂತ ನಾನೇ ಅವನನ್ನು ಎಳೆದುಕೊಂಡು ಹೋದೆ.

"ನಿಮ್ದೇನು ಹೋತು?" ಅಂದರು ಮೇಜಿನ ಹಿಂದಿನವರು.

"ಕಟ್ಟಿ."

"ಕಟ್ಟಿ ನಿಮ್ದಾ?"

"ಅಲ್ರಿ. ಸಾವ್ಕಾರ್ರದು."

"ಕಟ್ಟಿ ತಮ್ಮ ಮನಿ ಪತ್ರದಾಗಿಲ್ಲ ಅಂತ ಸಾವ್ಕಾರ್ರೇ ಅಂದಾರೆ. ಅದು ಒತ್ತುವರಿ, ರಸ್ತೇದು."

"ರಸ್ತೇದಾದ್ರೆ ಒಳ್ಳೇದೇ ಆತಲ್ರಿ. ರಸ್ತಿ ಎಲ್ಲರದು, ನಂದೂ ಒಂಚೂರು ಇರ್ಬೇಕಲ್ಲ."

ಅವರು ಪೆನ್ನು ಕೆಳಗಿಟ್ಟರು. ಕೆಟ್ಟ ಮನುಷ್ಯರೇನಲ್ಲ. "ಆತಪ್ಪ, ಒಂದು ಅರ್ಜಿ ಅಂತ ತಗಳ್ತೀನಿ. ಎಷ್ಟು ಜಾಗ ಹೋತು ಅಂತ ಬರೀಲಿ?"

"ನಾನು ಕುಂತಷ್ಟು" ಅಂದ ಟೈಲರ್.

"ಹಂಗಂದ್ರೆ ಎಷ್ಟು?"

ಟೈಲರ್ ಕೊರಳಲ್ಲಿದ್ದ ಟೇಪು ತೆಗೆದು ಮೇಜಿನ ಮೇಲಿಟ್ಟ. ಊರಿನ ಅರ್ಧ ಜನರ ಎದೆ ಸೊಂಟ ಅಳೆದ ಟೇಪು ಅದು, ಅಂಚಿನಲ್ಲಿ ಅಂಕಿಗಳೇ ಅಳಿಸಿಹೋಗಿದ್ದವು. ಆಮೇಲೆ ಅವರಿಗೆ ಬೆನ್ನು ಮಾಡಿ ನಿಂತು, "ಅಳ್ಕಳ್ರಿ" ಅಂದ.

ಆಫೀಸೆಲ್ಲ ನಕ್ಕಿತು. ನಾನೂ ನಕ್ಕೆ. ಅವನು ನಗಲಿಲ್ಲ, ಬೆನ್ನು ತಿರುಗಿಸಿಕೊಂಡೇ ಕಾಯುತ್ತಿದ್ದ. ಮೇಜಿನ ಹಿಂದಿನವರು ಟೇಪನ್ನು ಎತ್ತಿ, ಎರಡೂ ಬದಿ ತಿರುಗಿಸಿ ನೋಡಿ, ಬಹಳ ಮರ್ಯಾದೆಯಿಂದ ಅವನಿಗೇ ವಾಪಸು ಕೊಟ್ಟರು.

"ಇದು ಇಂಚಿನಾಗೈತಪ್ಪ" ಅಂದರು. "ನಮಗೆ ಮೀಟರಿನಾಗೆ ಬೇಕು."

ಅದೂ ಇರಲಿ

ರಸ್ತೆ ಅಗಲವಾಯಿತು. ಅಗಲವಾದಷ್ಟು ಜಾಗದಲ್ಲಿ ಕಾರು ನಿಲ್ಲಿಸಿದರು. ಈಗ ಓಡಾಡಲು ಉಳಿದಿರುವುದು ಮೊದಲಿನಷ್ಟೇ. ನಡುವೆ ಡಿವೈಡರ್ ಕಟ್ಟಿದರು, ನಾಯಿ ಅದರ ಮೇಲೆ ಮಲಗುತ್ತದೆ. ಇಡೀ ಕಾಮಗಾರಿಯಲ್ಲಿ ಲಾಭವಾದದ್ದು ಅದಕ್ಕೊಂದಕ್ಕೇ.

ಟೈಲರ್ ಮೆಡಿಕಲ್ ಶಾಪಿನ ಪಕ್ಕ ಕೂತ. ಶಟರ್ ಮುಂದೆ ಅಡ್ಡ ಅಂದರು. ಮೊಬೈಲ್ ಅಂಗಡಿ ಮುಂದೆ ಕೂತ. ಗಿರಾಕಿ ಬರಲ್ಲ ಅಂದರು. ಹೊಸ ಫುಟ್‌ಪಾತಿನ ಮೇಲೆ ಕೂತ, ಅದು ನಡೆಯುವವರಿಗೆ ಅಂದರು. ಆ ಫುಟ್‌ಪಾತಿನ ಮೇಲೆ ಆಗಲೇ ಬೈಕುಗಳು ನಿಂತಿದ್ದವು, ಅವನ್ನು ಯಾರೂ ಏನೂ ಅನ್ನಲಿಲ್ಲ. ಕೊನೆಗೆ ಮಷಿನ್ ನನ್ನ ಶೆಡ್ಡಿಗೆ ಬಂತು, ಸಾವ್ಕಾರ್ರ ಕಂಬಗಳ ಪಕ್ಕ. ಅಷ್ಟು ದೂರ ಹರಿದ ಬಟ್ಟೆ ಹಿಡಿದುಕೊಂಡು ಯಾರು ಬರುತ್ತಾರೆ? ಅವನು ದಿನವೆಲ್ಲ ಕಂಬದ ಧೂಳು ಒರೆಸುತ್ತ ಕೂರುತ್ತಿದ್ದ.

ಹೀಗಿರುವಾಗ ನ್ಯಾಮತಿ ಕಡೆ ಹೋಗುವ ದಾರಿಯಲ್ಲಿ ದೊಡ್ಡ ಹೋಟೆಲ್ ಕಟ್ಟಿಸುತ್ತಿದ್ದ ಒಬ್ಬರು ಶೆಡ್ಡಿಗೆ ಬಂದರು. ಹೋಟೆಲಿನ ಒಳಗೇ ಒಂದು "ಹಳೇ ಪೇಟೆ ಬೀದಿ" ಮಾಡಬೇಕಂತೆ. ಹೊರಗೆ ಎಲ್ಲ ಕಡೆ ಕೆಡವುತ್ತಿದ್ದಾರೆ, ಹಾಗಾಗಿ ಒಳಗೆ ಬಹಳ ಬೇಡಿಕೆ ಇದೆ ಅಂದರು. ಸಾವ್ಕಾರ್ರ ಮನೆಯ ಮುಂಭಾಗವನ್ನು ಪೂರ್ತಿ ತೆಗೆದುಕೊಂಡರು. ನಾನೇ ಹೋಗಿ ನಿಲ್ಲಿಸಿಕೊಟ್ಟೆ.

ನಿಲ್ಲಿಸಿದ ಮೇಲೆ ಅವರು ಕಂಬಗಳನ್ನು ನೋಡಿ, "ಯಾಕೋ ಬಾಳ ಹಳೇವು ಕಾಣ್ತಾವಲ್ರಿ" ಅಂದರು. ಉಜ್ಜಿ ಪಾಲಿಶ್ ಮಾಡಿಸಿದೆ. ಮತ್ತೆ ಬಂದು, "ಈಗ ಹೊಸಾವು ಕಾಣ್ತಾವೆ. ಒಂಚೂರು ಹಳೇ ಲುಕ್ ಬರಂಗೆ ಮಾಡಾಕೆ ಆಗ್ತೈತೇನ್ರಿ?" ಅಂದರು. ಅಡಿಕೆ ಮಂಡಿಯ ಕಾಲದಿಂದ ಹಮಾಲರ ಬೆನ್ನು ಉಜ್ಜಿ ಉಜ್ಜಿ ಬಂದಿದ್ದ ಹೊಳಪನ್ನು ತೆಗೆದುಹಾಕಿ, ಸರಪಳಿಯಿಂದ ಹೊಡೆದು ಗಾಯ ಮಾಡಿ, ಚಹಾಪುಡಿ ನೀರು ಬಳಿದು, ಹಳೇ ಕಂಬವನ್ನು ಹಳೇದು ಮಾಡಿದೆ. ಅವರು ತಲೆದೂಗಿದರು.

ಕಟ್ಟೆ ಮುಂದೆ ನಿಂತಾಗ ಮಾತ್ರ ಅವರಿಗೆ ಏನೋ ಕಡಿಮೆ ಅನ್ನಿಸಿತು. "ಖಾಲಿ ಐತಲ್ರಿ. ಇದರ ಮ್ಯಾಲೆ ಮೊದಲು ಏನಿತ್ತು?"

"ಒಬ್ಬ ಟೈಲರ್ ಇದ್ದ."

"ಹಂಗಾದ್ರೆ ಅದೂ ಇರ್ಲಿ. ಬರೋವಾಗ ಅದನ್ನೂ ಆಟೋದಾಗೆ ಹಾಕ್ಕಂಬರ್ರಿ" ಅಂದರು.

ಟೈಲರ್ ಇದ್ದ

ಹೋಟೆಲ್ ಶುರುವಾದ ಮೇಲೆ ಒಂದು ದಿನ ಟೈಲರನ್ನು ನೋಡಿ ಬರೋಣ ಅಂತ ಹೋದೆ. ತಿಂಡಿಗೆ ಜನವೋ ಜನ. ಒಳಗೆ ನಮ್ಮ ಬೀದಿ ನಿಂತಿತ್ತು. ಅದೇ ಹೆಬ್ಬಾಗಿಲು, ಅದೇ ಕಂಬ, ಅದೇ ಕಟ್ಟೆ. ಕಟ್ಟೆ ಮೇಲೆ ಕೆಂಪು ಪೇಟ, ಕಚ್ಚೆಪಂಚೆಯಲ್ಲಿ ನನ್ನ ಗೆಳೆಯ. ಹುಟ್ಟಿದಾಗಿನಿಂದ ಅವನು ಪ್ಯಾಂಟು ಹಾಕಿದ ಮನುಷ್ಯ, ಪೇಟ ಕಟ್ಟಿದ್ದು ತನ್ನ ಮದುವೆಯಲ್ಲಿ ಮಾತ್ರ. ಮಷಿನ್ ತುಳಿಯುತ್ತಿದ್ದ. ಬೆಲ್ಟು ಬಿಚ್ಚಿದ್ದರು, ಸೂಜಿ ತೆಗೆದಿದ್ದರು. ಸದ್ದಾದರೆ ಗಿರಾಕಿಗಳಿಗೆ ತೊಂದರೆ, ಸೂಜಿ ಇದ್ದರೆ ಮಕ್ಕಳಿಗೆ ಚುಚ್ಚುತ್ತದಂತೆ. ಜನ ಅವನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ನಾನು ಎಂದಿನ ಹಾಗೆ ಹೋಗಿ ಕಟ್ಟೆ ಮೇಲೆ ಅವನ ಪಕ್ಕ ಕೂತೆ. ಎಲ್ಲಿದ್ದನೋ, ವಾಚ್‌ಮನ್ ಓಡಿಬಂದ.

"ಏಳ್ರಿ, ಏಳ್ರಿ. ಕಟ್ಟಿ ಮ್ಯಾಲೆ ಕುಂದ್ರಂಗಿಲ್ಲ. ಬೋರ್ಡು ಕಾಣಲ್ವಾ?"

ಕಂಬಕ್ಕೆ ನಿಜವಾಗಿಯೂ ಬೋರ್ಡಿತ್ತು: "ಪಾರಂಪರಿಕ ಕಟ್ಟೆ. ದಯವಿಟ್ಟು ಕೂರಬೇಡಿ." ಮೇಷ್ಟ್ರು ಬೋರ್ಡು ಹೊಡೆಸಿದ್ದ ಕಂಬಕ್ಕೇ, ಅದೇ ಮೊಳೆಯ ತೂತಿಗೆ ಹಾಕಿದ್ದರು.

"ಕಟ್ಟಿ ಮ್ಯಾಲೆ ಕುಂತವ್ರನ್ನ ಎಬ್ಬಿಸಬಾರದಪ್ಪ" ಅಂದೆ ನಾನು.

"ಅದು ಮನಿ ಕಟ್ಟಿಗೆ ಸಾರ್. ಇದು ಹೋಟ್ಲು ಕಟ್ಟಿ" ಅಂದ ವಾಚ್‌ಮನ್.

"ಎದ್ದೇಳೋ" ಅಂದ ಟೈಲರ್ ತುಟಿ ಅಲ್ಲಾಡಿಸದೆ. ಗಿರಾಕಿಗಳೆದುರು ಮಾತಾಡುವ ಹಾಗಿರಲಿಲ್ಲ ಅವನಿಗೆ. "ಚಾ ಕುಡಿಯಾಕೆ ನಾನೇ ಕೆಳಗಿಳೀಬೇಕು. ನಿನಗೆಲ್ಲಿ ಬಿಡ್ತಾರೆ."

ನಾನು ಎದ್ದು, ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ದೋಸೆ ಹೇಳಿದೆ. ಪಕ್ಕದ ಮೇಜಿನಲ್ಲಿ ಯಾವುದೋ ಮದುವೆಗೆ ಹೊರಟಿದ್ದ ಸಂಸಾರ. ಯಜಮಾನರು ಮಗುವನ್ನು ಎತ್ತಿಕೊಂಡು ಟೈಲರನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವಾಗ ಮಗು ಅಂಗಿ ಹಿಡಿದು ಜಗ್ಗಿತು. ಹೊಟ್ಟೆಯ ಮೇಲಿನ ಗುಂಡಿ ಪಟ್ಟೆಂದು ಕಿತ್ತು, ಕಟ್ಟೆ ಮೇಲೆ ಉರುಳಿ, ಮಷಿನ್ನಿನ ಕಾಲಿಗೆ ಬಡಿದು ನಿಂತಿತು. ಟೈಲರನ ಕೈ ತಾನಾಗಿಯೇ ಡ್ರಾಯರಿಗೆ ಹೋಯಿತು. ಡ್ರಾಯರನ್ನು ತೆರೆಯಲು ಬಾರದ ಹಾಗೆ ಅಂಟಿಸಿದ್ದರು. ಕೈ ವಾಪಸು ತೊಡೆಯ ಮೇಲೆ ಬಂತು.

ಯಜಮಾನರು ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಸಪ್ಲೈಯರನ್ನು ಕರೆದರು. "ಏನಪ್ಪ, ಮುಹೂರ್ತಕ್ಕೆ ಹೊತ್ತಾತು. ಒಂದು ಗುಂಡಿ ಹಾಕಿಸ್ಬೇಕಿತ್ತು. ಇಲ್ಲಿ ಹತ್ರದಾಗೆ ಯಾರಾದ್ರೂ ಟೈಲರ್ ಅದಾರೇನು?"

ಸಪ್ಲೈಯರ್ ಟೈಲರನ ಮಷಿನ್ನಿಗೆ ಒಂದು ಕೈ ಊರಿಕೊಂಡು, ನಿಜವಾಗಿಯೂ ಯೋಚನೆ ಮಾಡಿದ. "ಇಲ್ಲ ಸಾರ್. ಹಿಂದೆ ಪೇಟೆ ಬೀದಿಯಾಗೆ ಒಬ್ಬರಿದ್ರಂತೆ. ರಸ್ತಿ ಅಗಲ ಆದ ಮ್ಯಾಲೆ ಎಲ್ಲಿಗೆ ಹೋದ್ರೋ ಗೊತ್ತಿಲ್ಲ."

ನಾನು ದೋಸೆ ಬಿಟ್ಟು ಎದ್ದು ನಿಂತೆ. ಏನು ಹೇಳಬೇಕು ಅಂತ ಹೊರಟಿದ್ದೆನೋ ಈಗ ನೆನಪಿಲ್ಲ. ಅಷ್ಟರಲ್ಲಿ ಟೈಲರ್ ಬಗ್ಗಿ ಗುಂಡಿ ಎತ್ತಿ, ಅಂಗಿಯಂಚಿಗೆ ಒರೆಸಿ, ಯಜಮಾನರ ಅಂಗೈಗೆ ಇಟ್ಟ. ಕೆಲಸಕ್ಕೆ ಸೇರಿದ ಮೇಲೆ ಅವನು ಗಿರಾಕಿಯೊಬ್ಬರ ಜೊತೆ ಆಡಿದ ಮೊದಲ ಮಾತು ಇದೇ ಇರಬೇಕು.

"ಹೌದ್ರಿ ಸಾರ್" ಅಂದ. "ಒಳ್ಳೇ ಟೈಲರ್ ಇದ್ದ."